ಬೆಂಬಲ ಬೆಲೆಯೂ ಸಣ್ಣ ಹಿಡುವಳಿಯ ಊಟವೂ

೧

ಕನಕದಾಸರ ‘ರಾಮಧಾನ್ಯಚರಿತ್ರೆ’ಯನ್ನು ಬಲ್ಲ ಕನ್ನಡಿಗರಿಗೆ ಧಾನ್ಯಗಳೊಳಗಿನ ಮೇಲುಕೀಳಿನ ವಿವಾದ ಹೊಸದಲ್ಲ. ನರೆದಲೆಗವೆಂಬ ರಾಗಿಯೂ ವ್ರೀಹಿಯೆಂಬ ಬತ್ತವೂ ತಮ್ಮ ತಮ್ಮ ಹಿರಿಮೆಯನ್ನು ಕುರಿತು ಕಲಹ ಹೂಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಕಳೆದ ಮೇಲೆ ಬತ್ತ ಸೊರಗಿಯೂ ರಾಗಿ ಕುಂದದೆಯೂ ಹೊರಬರುತ್ತವೆ. ರಾಗಿಗೆ ಮನ್ನಣೆ ದೊರೆಯುತ್ತದೆ. ಈ ಕಥೆಯ ಸಾಮಾಜಿಕ ಅರ್ಥವನ್ನು ವಿಮರ್ಶಕರು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಆದರೆ ಅದರೊಳಗೆ ಒಕ್ಕಲುತನದ ಒಂದು ಅನುಭವವೂ ಅಡಗಿದೆಯೆಂಬುದನ್ನು ಮರೆಯಬಾರದು. ರಾಗಿಯು ಹಗೇವಿನಲ್ಲಿ ಹಲವು ವರ್ಷ ಕೆಡದೆ ನಿಲ್ಲುವ ಕಾಳು. ಮಳೆ ತಪ್ಪಿದ ವರ್ಷದಲ್ಲಿ ಮನೆಯನ್ನು ಕಾಯುತ್ತಿದ್ದುದು ಅದೇ. ಕಾವ್ಯದಲ್ಲಿ ರಾಮನು ಮಾಡಿದ ಪರೀಕ್ಷೆಯನ್ನು ಬಯಲುಸೀಮೆಯ ಒಕ್ಕಲಿಗನು ತಲೆತಲಾಂತರದಿಂದ ಮಾಡುತ್ತಲೇ ಬಂದಿದ್ದನು.

ನಮ್ಮ ಕಾಲದಲ್ಲಿ ಧಾನ್ಯಗಳ ತಾರತಮ್ಯ ನಿರ್ಣಯವಾಗುವುದು ಬೇರೆ ಬಗೆಯಲ್ಲಿ. ಯಾವ ಧಾನ್ಯಕ್ಕೆ ಎಷ್ಟು ಬೆಂಬಲ ಬೆಲೆ, ಯಾವುದನ್ನು ಸರ್ಕಾರ ನಿಜವಾಗಿ ಕೊಳ್ಳುತ್ತದೆ, ಯಾವ ಗೊಬ್ಬರಕ್ಕೆ ಎಷ್ಟು ಸಹಾಯಧನ, ನ್ಯಾಯಬೆಲೆಯ ಅಂಗಡಿಗೆ ಹೋಗುವ ಧಾನ್ಯ ಯಾವುದು, ಈ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ದೆಹಲಿಯ ಕೃಷಿ ಭವನದಿಂದ ಹೊರಡುತ್ತದೆ. ಆ ಉತ್ತರವು ಮಾರುಕಟ್ಟೆಯ ಮೇಲೆ ಮಾಡಿದ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಸಣ್ಣ ರೈತನ ಹೊಲದ ಮೇಲೂ ಅವನ ಮನೆಯ ಒಲೆಯ ಮೇಲೂ ಅದು ಮಾಡಿದ ಪರಿಣಾಮವನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಐದು ಎಕರೆಗೆ, ಅಂದರೆ ಎರಡು ಹೆಕ್ಟೇರಿಗೆ, ಮೀರದ ಹಿಡುವಳಿಗಳು ೨೦೧೫-೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ನೂರಕ್ಕೆ ೮೬ರಷ್ಟಿದ್ದುವು. ಇಂಥ ಮನೆಗಳಲ್ಲಿ ಬೆಳೆಯುವವನೂ ಉಣ್ಣುವವನೂ ಒಬ್ಬನೇ. ಆದಕಾರಣ ಬೆಲೆಯ ಚರಿತ್ರೆಯು ಇಲ್ಲಿ ಊಟದ ಚರಿತ್ರೆಯೂ ಆಗುತ್ತದೆ. ದೆಹಲಿಯ ಸುತ್ತಣ ಹಳ್ಳಿಗಳು, ಹಳೆಯ ಮೈಸೂರಿನ ಖುಷ್ಕಿ ಹೊಲಗಳು ಎಂಬ ಎರಡು ಪ್ರದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಟಿಪ್ಪುವಿನ ಪತನದ ತರುವಾಯ, ೧೮೦೦-೦೧ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದನು. ೧೮೦೭ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಮೈಸೂರಿನ ಒಣ ಬೇಸಾಯಕ್ಕೆ ದೊಡ್ಡ ಸ್ಥಾನವಿದೆ. ರಾಗಿಯೇ ಆ ಸೀಮೆಯ ಸಾಮಾನ್ಯ ಜನರ ನಿತ್ಯದ ಆಹಾರವೆಂಬುದನ್ನು ಅವನು ಸ್ಪಷ್ಟವಾಗಿ ಕಂಡುಕೊಂಡನು. ರಾಗಿಯ ನಡುವೆ ಸಾಲು ಬಿಟ್ಟು ಅವರೆ, ತೊಗರಿ ಮೊದಲಾದ ಕಾಳುಗಳನ್ನು ಬಿತ್ತುವ ಕ್ರಮವನ್ನೂ ಬರೆದುಕೊಂಡನು.

ಈ ಕ್ರಮಕ್ಕೆ ನಮ್ಮ ರೈತರು ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿಯ ಕೆಲವು ಸಾಲುಗಳಾದ ಮೇಲೆ ಒಂದು ಸಾಲು ಅವರೆ, ಮುಂದೆ ತೊಗರಿ, ಅಂಚಿನಲ್ಲಿ ಜೋಳ, ಅಲ್ಲಲ್ಲಿ ಹುಚ್ಚೆಳ್ಳು, ಹರಳು, ಅಲಸಂದೆ. ಇವೆಲ್ಲ ಒಟ್ಟಿಗೆ ಕೊಯ್ಲಿಗೆ ಬರುವುದಿಲ್ಲ. ರಾಗಿಯ ತೆನೆ ಕೊಯ್ದು ಮೆದೆ ಹಾಕಿದ ಮೇಲೆ ಇಬ್ಬನಿ ಬಿದ್ದು ಅವರೆ ಸೊಗಡೇರುತ್ತದೆ. ತೊಗರಿ ಇನ್ನೂ ತಡವಾಗಿ ಬಲಿಯುತ್ತದೆ. ಮುಂಗಾರು ಕೆಟ್ಟರೂ ಹಿಂಗಾರಿನಲ್ಲಿ ಏನಾದರೂ ಕೈಗೆ ಸಿಕ್ಕುತ್ತದೆ. ಮುದ್ದೆಗೆ ರಾಗಿ, ಸಾರಿಗೆ ಅವರೆ ಮತ್ತು ತೊಗರಿ, ಚಟ್ನಿಗೆ ಹುಚ್ಚೆಳ್ಳು, ದೀಪಕ್ಕೆ ಹರಳೆಣ್ಣೆ, ದನಕ್ಕೆ ರಾಗಿಹುಲ್ಲು, ಆ ದನದಿಂದ ಮನೆಗೆ ಮಜ್ಜಿಗೆ ಮತ್ತು ಹೊಲಕ್ಕೆ ಗೊಬ್ಬರ. ಒಂದೇ ಹೊಲದೊಳಗೆ ಒಂದು ಮನೆಯ ವರ್ಷದ ಊಟವನ್ನು ಬಿತ್ತುವ ಪದ್ಧತಿ ಇದು.

ದೆಹಲಿಯ ಸುತ್ತಣ ಪ್ರದೇಶದಲ್ಲಿಯೂ ಇದಕ್ಕೆ ಹೋಲುವ ಪದ್ಧತಿಯೊಂದಿತ್ತು. ಕಾಲುವೆಯ ನೀರು ತಲುಪದ ರೋಹತಕ್, ಗುರಗಾಂವ್ ಸೀಮೆಗಳ ಹಳ್ಳಿಗಳಲ್ಲಿ ಮಳೆಗಾಲದ ಮುಖ್ಯ ಬೆಳೆಗಳು ಸಜ್ಜೆ ಮತ್ತು ಜೋಳ. ಚಳಿಗಾಲದವು ಕಡಲೆ, ಬಾರ್ಲಿ, ಸಾಸಿವೆ ಮತ್ತು ಗೋಧಿ. ಚಳಿಗಾಲದ ಕಾಳುಗಳನ್ನು ಅನೇಕ ವೇಳೆ ಬೆರಸಿಯೇ ಬಿತ್ತುತ್ತಿದ್ದರು. ಗೋಧಿ ಮತ್ತು ಕಡಲೆಯ ಮಿಶ್ರಣಕ್ಕೆ ಗೋಚನಿಯೆಂದೂ ಬಾರ್ಲಿ ಮತ್ತು ಕಡಲೆಯ ಮಿಶ್ರಣಕ್ಕೆ ಬೇಝಡ್ ಎಂದೂ ಹೆಸರು. ಚಳಿಗಾಲದ ಮಳೆ ಬಂದರೆ ಗೋಧಿ ಫಲಿಸುತ್ತಿತ್ತು. ಬಾರದಿದ್ದರೆ ಕಡಲೆಯಾದರೂ ಉಳಿಯುತ್ತಿತ್ತು. ಬೆರೆತ ಕಾಳನ್ನು ಬೇರ್ಪಡಿಸದೆ ಬೀಸಿ ರೊಟ್ಟಿ ತಟ್ಟುತ್ತಿದ್ದರು. ಇಂದು ದೆಹಲಿಯ ಭೋಜನಶಾಲೆಗಳಲ್ಲಿ ವಿಶೇಷ ತಿನಿಸೆಂದು ಬಡಿಸುವ ಮಿಸ್ಸಿ ರೊಟ್ಟಿಯ ಮೂಲ ಇಂಥ ಬೆರಕೆಯ ಹಿಟ್ಟಿನಲ್ಲಿದೆ. ಕಡಲೆಯ ಸಸಾರಜನಕವೂ ಗೋಧಿಯ ಸಸಾರಜನಕವೂ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತವೆಯೆಂದು ಆಹಾರವಿಜ್ಞಾನ ಹೇಳುತ್ತದೆ. ಹಳ್ಳಿಯ ಬೀಸುವ ಕಲ್ಲು ಆ ಕೆಲಸವನ್ನು ವಿಜ್ಞಾನಕ್ಕೆ ಮುಂಚೆಯೇ ಮಾಡುತ್ತಿತ್ತು.

ಹಳೆಯ ವ್ಯವಸ್ಥೆಯನ್ನು ಸುಖದ ಕಾಲವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಇಳುವರಿ ಅಲ್ಪ, ಸಾಲ ಅಪಾರ, ಬರ ಪದೇ ಪದೇ ಬರುತ್ತಿತ್ತು. ಬೀಸುವ ಕಲ್ಲಿನ ದುಡಿಮೆ ಹೆಂಗಸರ ರಟ್ಟೆಯನ್ನು ಸವೆಸುತ್ತಿತ್ತು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಎರಡು ಸೀಮೆಗಳಲ್ಲಿಯೂ ಬೆಳೆಯ ಲೆಕ್ಕ ಮನೆಯ ಊಟದಿಂದ ಮೊದಲಾಗುತ್ತಿತ್ತು, ಮಾರಾಟ ಆಮೇಲಿನ ಮಾತು.

೩

ಈ ಲೆಕ್ಕ ತಿರುಗಿದ ಕಾಲವನ್ನು ಸಾಕಷ್ಟು ನಿಖರವಾಗಿ ಹೇಳಬಹುದು. ೧೯೫೬ರ ಆಗಸ್ಟಿನಲ್ಲಿ ಅಮೆರಿಕದೊಡನೆ ಪಿ. ಎಲ್. ೪೮೦ ಒಪ್ಪಂದವಾದ ಮೇಲೆ ನಗರಗಳ ಪಡಿತರವು ಹಡಗಿನ ಗೋಧಿಯನ್ನು ಬಹಳವಾಗಿ ನೆಚ್ಚಿಕೊಂಡಿತ್ತು. ೧೯೬೪ರಲ್ಲಿ ಆಹಾರ ಮತ್ತು ಕೃಷಿ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ ಅವರು ರೈತನಿಗೆ ನಿಶ್ಚಿತ ಬೆಲೆಯ ಭರವಸೆಯಿಲ್ಲದೆ ಹೊಸ ಬೇಸಾಯ ಸಾಧ್ಯವಿಲ್ಲವೆಂದು ಕಂಡುಕೊಂಡರು. ಎಲ್. ಕೆ. ಝಾ ಸಮಿತಿಯ ಸಲಹೆಯನ್ನು ಅನುಸರಿಸಿ ೧೯೬೫ರ ಜನವರಿಯಲ್ಲಿ ಕೃಷಿ ಬೆಲೆಗಳ ಆಯೋಗವೂ ಭಾರತ ಆಹಾರ ನಿಗಮವೂ ಹುಟ್ಟಿದುವು. ಪ್ರೊಫೆಸರ್ ಎಂ. ಎಲ್. ದಾಂತವಾಲಾ ಆಯೋಗದ ಮೊದಲ ಅಧ್ಯಕ್ಷರಾದರು.

ಅದೇ ಕಾಲದಲ್ಲಿ ದೆಹಲಿಯ ಪೂಸಾ ಸಂಸ್ಥೆಯಲ್ಲಿ ಮೆಕ್ಸಿಕೋದ ಗಿಡ್ಡ ಗೋಧಿಯ ಪ್ರಯೋಗಗಳು ನಡೆಯುತ್ತಿದ್ದುವು. ೧೯೬೩ರಲ್ಲಿ ನಾರ್ಮನ್ ಬೋರ್ಲಾಗ್ ಭಾರತಕ್ಕೆ ಬಂದು ಹೋದ ಮೇಲೆ ಈ ಕೆಲಸಕ್ಕೆ ವೇಗ ದೊರೆಯಿತು. ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಸಹೋದ್ಯೋಗಿಗಳು ೧೯೬೪ರಲ್ಲಿ ಬೀಜ ವೃದ್ಧಿಗಾಗಿ ಆರಿಸಿಕೊಂಡ ಹಳ್ಳಿ ದೆಹಲಿಯ ವಾಯವ್ಯಕ್ಕೆ, ಕಂಝಾವಲಾದ ಬಳಿಯಿರುವ ಜೌಂಟಿ. ರಾಜಧಾನಿಯ ಕನ್ನಡಿಗರಲ್ಲಿ ಬಹುಮಂದಿ ಕಂಡಿರಲಾರದ ಈ ಹಳ್ಳಿಯ ಹೊಲಗಳಲ್ಲಿ ಹಸಿರು ಕ್ರಾಂತಿಯ ಬೀಜ ಅಕ್ಷರಶಃ ಮೊಳೆಯಿತು. ೧೯೬೫ರಲ್ಲಿಯೂ ೧೯೬೬ರಲ್ಲಿಯೂ ಮಳೆ ತಪ್ಪಿತು. ೧೯೬೬ರಲ್ಲಿ ಸುಮಾರು ಒಂದು ಕೋಟಿ ಟನ್ನು ಧಾನ್ಯವನ್ನು ಆಮದು ಮಾಡಿಕೊಳ್ಳಬೇಕಾಯಿತು. ಆ ವರ್ಷವೇ ಮೆಕ್ಸಿಕೋದಿಂದ ೧೮,೦೦೦ ಟನ್ನು ಗೋಧಿಯ ಬೀಜ ಬಂದಿತು. ೧೯೬೪-೬೫ರಲ್ಲಿ ೧ ಕೋಟಿ ೨೩ ಲಕ್ಷ ಟನ್ನಿನಷ್ಟಿದ್ದ ಗೋಧಿಯ ಉತ್ಪನ್ನ ೧೯೬೭-೬೮ರಲ್ಲಿ ೧ ಕೋಟಿ ೬೫ ಲಕ್ಷ ಟನ್ನಿಗೆ ಏರಿತು. ಆ ಸಂತೋಷದ ಗುರುತಾಗಿ ೧೯೬೮ರ ಜುಲೈಯಲ್ಲಿ ಹೊರಟ ಅಂಚೆಚೀಟಿಯಲ್ಲಿ ಗೋಧಿಯ ತೆನೆಯೊಡನೆ ಪೂಸಾ ಸಂಸ್ಥೆಯ ಪುಸ್ತಕಭಂಡಾರದ ಚಿತ್ರವಿದೆ.

ಈ ಸಾಧನೆಯ ಬೆಲೆಯನ್ನು ಕುಂದಿಸಲಾಗದು. ಪರದೇಶದ ಹಡಗನ್ನು ಕಾಯಬೇಕಾದ ಅಪಮಾನದಿಂದ ದೇಶ ಪಾರಾಯಿತು. ಆದರೆ ಹೊಸ ಗೋಧಿ ತನ್ನ ಷರತ್ತುಗಳನ್ನೂ ತಂದಿತು. ಅದಕ್ಕೆ ವೇಳೆಗೆ ಸರಿಯಾಗಿ ನೀರು ಬೇಕು, ಸಾರಜನಕದ ಗೊಬ್ಬರ ಹೇರಳವಾಗಿ ಬೇಕು, ಮತ್ತು ಅದನ್ನು ಒಂಟಿಯಾಗಿ ಬಿತ್ತಬೇಕು. ಗೊಬ್ಬರವಿಟ್ಟು ನೀರು ಹಾಯಿಸಿದ ಗದ್ದೆಯಲ್ಲಿ ಕಡಲೆ ಸೊಕ್ಕಿ ಬೆಳೆದು ಕಾಯಿ ಕಟ್ಟದು. ಮೇಲಾಗಿ ಖರೀದಿ ಕೇಂದ್ರದ ತಕ್ಕಡಿಗೆ ಬೇಕಾದುದು ಬೆರಕೆಯಿಲ್ಲದ ಗೋಧಿ. ಮನೆಗೆ ಗುಣವಾಗಿದ್ದ ಗೋಚನಿಯ ಮಿಶ್ರಣ ಅಲ್ಲಿ ದೋಷವೆನಿಸಿತು. ಹೀಗೆ ಬೀಜ, ನೀರು, ಗೊಬ್ಬರ, ತಕ್ಕಡಿ ಎಲ್ಲವೂ ಕೂಡಿ ಒಂದೇ ಧಾನ್ಯದ ಪರವಾಗಿ ನಿಂತುವು.

೪

೧೯೬೬ರ ನವೆಂಬರ್ ೧ರಂದು ಹರಿಯಾಣ ಪ್ರತ್ಯೇಕ ರಾಜ್ಯವಾಯಿತು. ೧೯೭೦ರ ವೇಳೆಗೆ ಅಲ್ಲಿಯ ಎಲ್ಲ ಹಳ್ಳಿಗಳಿಗೂ ವಿದ್ಯುತ್ತು ತಲುಪಿತ್ತು. ಕೊಳವೆ ಬಾವಿಯ ನೀರಿಗೆ ಕಡಿಮೆ ದರದ ವಿದ್ಯುತ್ತು ಸೇರಿದಾಗ ಕರ್ನಾಲ್, ಕುರುಕ್ಷೇತ್ರಗಳ ಕಡೆ ಗೋಧಿಯ ಹಿಂದೆಯೇ ಬತ್ತವೂ ಬಂದಿತು. ನೈರುತ್ಯದ ಭಿವಾನಿ, ಮಹೇಂದ್ರಗಢ, ರೇವಾಡಿಗಳ ಮರಳು ಭೂಮಿಯಲ್ಲಿ ಮಾತ್ರ ಸಜ್ಜೆ ಮತ್ತು ಸಾಸಿವೆ ಉಳಿದುವು. ೧೯೭೭ರ ನವೆಂಬರಿನಿಂದ ಗೊಬ್ಬರದ ಕಾರ್ಖಾನೆಗಳಿಗೆ ವೆಚ್ಚ ತುಂಬಿಕೊಡುವ ಪದ್ಧತಿ ಜಾರಿಗೆ ಬಂದಿತು. ೧೯೯೨ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣವನ್ನು ಸಡಿಲಿಸಿದಾಗಲೂ ಯೂರಿಯಾದ ಬೆಲೆಯನ್ನು ಸರ್ಕಾರ ಹಿಡಿದೇ ಇಟ್ಟಿತು. ಗೊಬ್ಬರದ ಸಹಾಯಧನ ಹರಿಯುವುದು ಗೊಬ್ಬರ ಕೊಳ್ಳುವವನ ಕಡೆಗೆ. ತನ್ನ ಬೇರಿನ ಗಂಟುಗಳಲ್ಲಿ ತಾನೇ ಸಾರಜನಕವನ್ನು ಹಿಡಿದಿಡುವ ಕಡಲೆಗೂ ಅವರೆಗೂ ತೊಗರಿಗೂ ಅದರಿಂದ ಬಂದ ಲಾಭ ಅತ್ಯಲ್ಪ. ಭೂಮಿಗೆ ಉಪಕಾರ ಮಾಡುವ ಬೆಳೆ ಸಹಾಯಧನದ ಲೆಕ್ಕದಲ್ಲಿ ಹೀಗೆ ಬಡವಾಯಿತು.

ಸಾಲದ ವ್ಯವಸ್ಥೆಯೂ ಇದೇ ದಿಕ್ಕಿನಲ್ಲಿ ನಡೆಯಿತು. ೧೯೬೯ರ ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ ಹಳ್ಳಿಯ ರೈತನಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಸಾಹುಕಾರನ ಬಡ್ಡಿಯಿಂದ ಲಕ್ಷಾಂತರ ಮನೆಗಳಿಗೆ ಬಿಡುಗಡೆಯಾಯಿತು. ಆದರೆ ಬೆಳೆಸಾಲವನ್ನು ನಿರ್ಧರಿಸುವುದು ಇಂಥ ಬೆಳೆಗೆ ಎಕರೆಗಿಷ್ಟು ಎಂಬ ದರಪಟ್ಟಿಯಿಂದ. ಜಿಲ್ಲಾ ಮಟ್ಟದ ಸಮಿತಿ ಸಿದ್ಧಪಡಿಸುವ ಈ ಪಟ್ಟಿಯಲ್ಲಿ ನಗದು ವೆಚ್ಚ ಹೆಚ್ಚಿರುವ ಬೆಳೆಗೆ ಹೆಚ್ಚು ಸಾಲ, ಕಡಿಮೆಯಿರುವುದಕ್ಕೆ ಕಡಿಮೆ. ಮನೆಯ ಬೀಜ, ಮನೆಯ ಗೊಬ್ಬರ, ಮನೆಯವರ ದುಡಿಮೆಯಿಂದ ಬೆಳೆಯುವ ಅಕ್ಕಡಿ ಸಾಲಿಗೆ ಅಲ್ಲಿ ದೊರೆಯುವ ಸ್ಥಾನ ಕಿರಿದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಲೆಕ್ಕದ ಪುಸ್ತಕ ಕೈಬದಲಾಗುವ ಹಣವನ್ನು ಬಲ್ಲದು; ಹೊಲದಿಂದ ನೇರವಾಗಿ ಮಡಕೆಗೆ ಹೋಗುವ ಕಾಳನ್ನು ಅದು ಕಾಣಲಾರದು.

ದೇಶದ ತಟ್ಟೆಯಲ್ಲಿ ಆದ ಬದಲಾವಣೆಯನ್ನು ಸರ್ಕಾರದ ಆರ್ಥಿಕ ಸಮೀಕ್ಷೆಯ ಅಂಕಿಗಳೇ ಹೇಳುತ್ತವೆ. ೧೯೬೧ರಲ್ಲಿ ದಿನಕ್ಕೆ ತಲೆಗೆ ೭೯.೧ ಗ್ರಾಮಿನಷ್ಟು ಲಭ್ಯವಿದ್ದ ಗೋಧಿ ೧೯೯೧ರಲ್ಲಿ ೧೬೬.೮ ಗ್ರಾಮಾಯಿತು. ಅದೇ ಮೂವತ್ತು ವರ್ಷಗಳಲ್ಲಿ ಅಕ್ಕಿ ಗೋಧಿಗಳನ್ನುಳಿದ ಧಾನ್ಯಗಳು ೧೧೯.೫ರಿಂದ ೮೦ ಗ್ರಾಮಿಗೂ, ಬೇಳೆಕಾಳುಗಳು ೬೯ರಿಂದ ೪೧.೬ ಗ್ರಾಮಿಗೂ ಇಳಿದುವು. ಈ ಇಳಿಕೆಗೆ ಬೆಂಬಲ ಬೆಲೆಯೊಂದೇ ಕಾರಣವೆನ್ನಲಾಗದು. ಜನಸಂಖ್ಯೆ ಬೆಳೆಯಿತು, ಪಟ್ಟಣವಾಸ ಹೆಚ್ಚಿತು, ನಾಲಗೆಯ ರುಚಿಯೂ ಬದಲಾಯಿತು. ಆದರೂ ಸರ್ಕಾರದ ಹಣ ಯಾವ ಧಾನ್ಯಗಳ ಬೆನ್ನಿಗಿತ್ತೋ ಅವು ಏರಿದುವು, ಯಾವುದಕ್ಕೆ ಇರಲಿಲ್ಲವೋ ಅವು ಇಳಿದುವು ಎಂಬ ಹೊಂದಿಕೆಯನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

೫

ಹಳೆಯ ಮೈಸೂರಿನಲ್ಲಿ ಬದಲಾವಣೆಯ ಮೊದಲ ಅಲೆ ಸ್ವಾತಂತ್ರ್ಯಕ್ಕೆ ಮುಂಚೆಯೇ ಬಂದಿತ್ತು. ಕೃಷ್ಣರಾಜಸಾಗರದ ನಾಲೆಯ ನೀರೂ, ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ನಿಶ್ಚಿತವಾದ ಬೇಡಿಕೆಯೂ ಸೇರಿ ಮಂಡ್ಯದ ರಾಗಿಹೊಲಗಳನ್ನು ಕಬ್ಬು ಮತ್ತು ಬತ್ತದ ಗದ್ದೆಗಳನ್ನಾಗಿ ಮಾಡಿದುವು. ೧೯೫೪-೫೬ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲಸಿ ನೀರು ಬಂದ ಊರಿಗೂ ಬಾರದ ಊರಿಗೂ ಇರುವ ವ್ಯತ್ಯಾಸವನ್ನು ಅಭ್ಯಾಸ ಮಾಡಿದರು. ೧೯೬೨ರಲ್ಲಿ ಹೊರಬಂದ ಅವರ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ. ಖುಷ್ಕಿಯ ಪಕ್ಷದಲ್ಲಿ ಕೆಲಸ ಮಾಡಿದವರೂ ಇದ್ದರು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ರಾಗಿಗೆ ಉತ್ತಮ ಬೀಜ ದೊರೆಯಿತು. ಗೋಧಿಗೆ ದೊರೆತಂಥ ಖರೀದಿ ಮಾತ್ರ ಬಹುಕಾಲ ದೊರೆಯಲಿಲ್ಲ. ಬೆಲೆಯನ್ನು ಸಾರುವುದು ಬೇರೆ, ಆ ಬೆಲೆಗೆ ಕೊಳ್ಳುವುದು ಬೇರೆ. ಬೆಂಬಲ ಬೆಲೆಗೆ ಮಾರಲು ಸಾಧ್ಯವಾದ ರೈತರು ನೂರಕ್ಕೆ ಆರು ಮಂದಿ ಮಾತ್ರವೆಂದು ೨೦೧೫ರಲ್ಲಿ ಶಾಂತಕುಮಾರ್ ಸಮಿತಿ ಹೇಳಿದ ಮಾತು ಇಲ್ಲಿ ಸ್ಮರಣೀಯ.

೨೦೧೩ ಕರ್ನಾಟಕದ ಮಟ್ಟಿಗೆ ಮುಖ್ಯವಾದ ವರ್ಷ. ಜುಲೈ ತಿಂಗಳಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಗಿ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆಯಿತು. ಮುಂದೆ ಅದು ಉಚಿತವಾಯಿತು. ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯೂ ಬಂದಿತು. ಹಸಿವನ್ನು ಹತ್ತಿಕ್ಕಿದ ಕಾರ್ಯಗಳಲ್ಲಿ ಇವೆರಡಕ್ಕೂ ಗೌರವದ ಸ್ಥಾನವಿದೆ. ಅನ್ನವು ಹಬ್ಬದ ದಿನದ ಊಟವಾಗಿದ್ದ ಮನೆಗಳಲ್ಲಿ ಅದು ದಿನದ ಊಟವಾದುದನ್ನು ಹೊಟ್ಟೆ ತುಂಬಿದವರು ಆಕ್ಷೇಪಿಸುವುದು ಸಲ್ಲದು. ಇದೇ ಹೊತ್ತಿಗೆ ರಾಜ್ಯ ಸರ್ಕಾರ ರಾಗಿ ಮತ್ತು ಜೋಳವನ್ನು ಬೆಂಬಲ ಬೆಲೆಗೆ ಕೊಂಡು, ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನೂ ಉತ್ತರದಲ್ಲಿ ಜೋಳವನ್ನೂ ಪಡಿತರದಲ್ಲಿ ಸೇರಿಸತೊಡಗಿತು. ೨೦೧೮-೧೯ರಲ್ಲಿ ಕೇಂದ್ರ ಸರ್ಕಾರ ರಾಗಿಯ ಬೆಂಬಲ ಬೆಲೆಯನ್ನು ಕ್ವಿಂಟಾಲಿಗೆ ೧,೯೦೦ ರೂಪಾಯಿಯಿಂದ ೨,೮೯೭ಕ್ಕೆ ಏರಿಸಿತು. ಅದೇ ವರ್ಷ ಬತ್ತದ ಏರಿಕೆ ೨೦೦ ರೂಪಾಯಿ ಮಾತ್ರ. ೨೦೨೫-೨೬ರ ಮುಂಗಾರಿಗೆ ರಾಗಿಯ ಬೆಲೆ ೪,೮೮೬ ರೂಪಾಯಿ, ಬತ್ತದ್ದು ೨,೩೬೯. ಶತಮಾನಗಳ ತರುವಾಯ ನರೆದಲೆಗನಿಗೆ ಮತ್ತೊಮ್ಮೆ ಆಸ್ಥಾನದ ಮನ್ನಣೆ ದೊರೆಯಿತೆಂದು ರಾಗಿಸೀಮೆ ಸಂತೋಷಪಟ್ಟರೆ ಆಶ್ಚರ್ಯವಿಲ್ಲ.

ಆದರೆ ಈ ಮನ್ನಣೆಯೊಳಗೆ ಒಂದು ತೊಡಕಿದೆ. ನಾಲ್ಕು ಜನರ ಒಂದು ಸಣ್ಣ ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ವರ್ಷದ ಊಟಕ್ಕೆಂದು ತೆಗೆದಿಟ್ಟ ನಾಲ್ಕು ಕ್ವಿಂಟಾಲು ರಾಗಿಯನ್ನು ಖರೀದಿ ಕೇಂದ್ರಕ್ಕೆ ಹಾಕಿದರೆ ಕೈಗೆ ಬರುವುದು ೧೯,೫೪೪ ರೂಪಾಯಿ. ಕೇಂದ್ರದ ಕಾಯಿದೆಯಂತೆ ತಲೆಗೆ ತಿಂಗಳಿಗೆ ಐದು ಕಿಲೋ ಲೆಕ್ಕದಲ್ಲಿ ವರ್ಷಕ್ಕೆ ೨೪೦ ಕಿಲೋ ಧಾನ್ಯ ಆ ಮನೆಗೆ ಬೆಲೆಯಿಲ್ಲದೆ ದೊರೆಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಅಕ್ಕಿ. ಮಗುವಿನ ಶಾಲೆಯ ಖರ್ಚು, ಔಷಧ, ಕೈಸಾಲ ಎದುರಿಗಿರುವಾಗ ರಾಗಿಯನ್ನು ಮಾರಿ ಅಕ್ಕಿಯನ್ನು ಉಣ್ಣುವ ತೀರ್ಮಾನವೇ ಬುದ್ಧಿವಂತಿಕೆಯಾಗಿ ತೋರುತ್ತದೆ. ಆ ಮನೆಯ ಯಜಮಾನನನ್ನು ಯಾರೂ ದೂರುವಂತಿಲ್ಲ. ಹಿಂದೆ ಬೆಲೆಯಿಲ್ಲದೆ ರಾಗಿ ಹೊಲವನ್ನು ಬಿಡುತ್ತಿತ್ತು. ಈಗ ಬೆಲೆ ಬಂದು ಅದು ಮನೆಯನ್ನು ಬಿಡುವ ಸಂಭವ ಒದಗಿದೆ.

ಇದರ ಪರಿಣಾಮ ಸಣ್ಣದಲ್ಲ. ನೂರು ಗ್ರಾಮು ರಾಗಿಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸುಮಾರು ೩೪೪ ಮಿಲಿಗ್ರಾಮು. ಗಿರಣಿಯ ಬಿಳಿ ಅಕ್ಕಿಯಲ್ಲಿ ಅದು ೧೦ರ ಆಸುಪಾಸು. ಹಾಲು ಕೊಳ್ಳಲಾರದ ಮನೆಯ ಬಸುರಿಗೂ ಬಾಣಂತಿಗೂ ಬೆಳೆಯುವ ಮಗುವಿಗೂ ಮುದ್ದೆ ಮತ್ತು ಅಂಬಲಿ ಎಷ್ಟು ದೊಡ್ಡ ಆಸರೆಯೆಂಬುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ. ಇನ್ನು ಅಕ್ಕಡಿ ಸಾಲಿನ ಗತಿ. ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ರಾಗಿ, ತೊಗರಿ, ಹುಚ್ಚೆಳ್ಳುಗಳ ಹೆಸರಿದೆ. ಅವರೆ, ಹುರುಳಿ, ಅಲಸಂದೆಗಳಿಗಾಗಲಿ, ಸಿರಿಧಾನ್ಯಗಳೆನಿಸಿದ ನವಣೆ, ಸಾಮೆ, ಹಾರಕಗಳಿಗಾಗಲಿ ಅಲ್ಲಿ ಸ್ಥಳವಿಲ್ಲ. ರಾಗಿಗೆ ಮಾತ್ರ ಬೆಲೆ ಏರಿದಾಗ ನಡುವಣ ಅವರೆಯ ಸಾಲೂ ರಾಗಿಯಾಗಬೇಕೆಂಬ ಒತ್ತಾಯ ಹುಟ್ಟುತ್ತದೆ. ಜೌಂಟಿಯ ಕಾಲದಲ್ಲಿ ಗೋಚನಿಗೆ ಒದಗಿದ ಪ್ರಸಂಗವೇ ಬೇರೊಂದು ಧಾನ್ಯದ ಹೆಸರಿನಲ್ಲಿ ಇಲ್ಲಿ ಮರಳಬಹುದು.

೬

ಈ ಚರಿತ್ರೆಯಿಂದ ಸಹಾಯಧನವೇ ಬೇಡವೆಂಬ ನಿರ್ಣಯಕ್ಕೆ ಬರುವುದು ಅವಿವೇಕ. ನಿಶ್ಚಿತ ಬೆಲೆಯಿಲ್ಲದಿದ್ದರೆ ಜೌಂಟಿಯ ರೈತ ಹೊಸ ಬೀಜ ಬಿತ್ತುತ್ತಿರಲಿಲ್ಲ. ರಾಗಿಯ ಹೊಲವೂ ಎಂದೋ ನೀಲಗಿರಿಯ ತೋಪಾಗುತ್ತಿತ್ತು. ಇಲ್ಲಿ ಕಾಣುವ ಪಾಠ ಬೇರೆ. ಸರ್ಕಾರದ ಹಣ ಸಣ್ಣ ರೈತನ ಮನೆಯನ್ನು ಎರಡು ಬಾಗಿಲುಗಳಿಂದ ಪ್ರವೇಶಿಸುತ್ತದೆ: ಅವನು ಮಾರುವ ಕಾಳಿನ ಬೆಲೆಯಾಗಿ ಒಂದು, ಅವನು ತರುವ ಪಡಿತರವಾಗಿ ಇನ್ನೊಂದು. ದೆಹಲಿಯ ಸುತ್ತ ಎರಡು ಬಾಗಿಲುಗಳಿಂದಲೂ ಗೋಧಿಯೇ ಬಂದಿತು. ಕಡಲೆ, ಸಜ್ಜೆಗಳು ಹಿಂದೆ ಸರಿದುವು. ಮೈಸೂರಿನಲ್ಲಿ ಒಂದು ಬಾಗಿಲಿನಿಂದ ರಾಗಿ ಹೊರಗೆ ಹೋಗುತ್ತದೆ, ಇನ್ನೊಂದರಿಂದ ಅಕ್ಕಿ ಒಳಗೆ ಬರುತ್ತದೆ. ಎರಡು ಬಾಗಿಲುಗಳನ್ನೂ ಒಟ್ಟಿಗೆ ನೋಡುವ ಅಧಿಕಾರಿ ಕೃಷಿ ಇಲಾಖೆಯಲ್ಲಿಯೂ ಇಲ್ಲ, ಆಹಾರ ಇಲಾಖೆಯಲ್ಲಿಯೂ ಇಲ್ಲ.

ತಿದ್ದುಪಡಿಯ ಯತ್ನಗಳು ನಡೆದಿವೆ. ಅಂತರ್ಜಲ ಕುಸಿದುದನ್ನು ಕಂಡು ಹರಿಯಾಣ ಸರ್ಕಾರ ೨೦೨೦ರಲ್ಲಿ ಬತ್ತವನ್ನು ಬಿಟ್ಟು ಬೇರೆ ಬೆಳೆ ಬೆಳೆಯುವವರಿಗೆ ಎಕರೆಗೆ ೭,೦೦೦ ರೂಪಾಯಿ ಕೊಡತೊಡಗಿತು. ಒಂದು ಕೈಯಿಂದ ಬತ್ತಕ್ಕೆ ಕೊಟ್ಟ ಬೆಂಬಲವನ್ನು ಇನ್ನೊಂದು ಕೈಯಿಂದ ಹಿಂದೆಗೆಯುವ ಈ ಕ್ರಮ, ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುವುದನ್ನು ನೆನಪಿಗೆ ತರುತ್ತದೆ. ೨೦೧೮ರಲ್ಲಿ ಕೇಂದ್ರ ಸರ್ಕಾರ ಸಜ್ಜೆ, ಜೋಳ, ರಾಗಿಗಳನ್ನು ಪೌಷ್ಟಿಕ ಧಾನ್ಯಗಳೆಂದು ಕರೆಯಿತು. ೨೦೨೩ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆನಿಸಿತು. ಅದರ ಫಲವಾಗಿ ನಗರದ ಅಂಗಡಿಗಳಲ್ಲಿ ರಾಗಿಯ ಬಿಸ್ಕತ್ತಿಗೂ ನವಣೆಯ ಪೊಟ್ಟಣಕ್ಕೂ ಗಿರಾಕಿಗಳು ಹೆಚ್ಚಿದರು. ನಗರದವನ ಆರೋಗ್ಯ ಸುಧಾರಿಸುವುದು ಸಂತೋಷವೇ. ಬೆಳೆದವನ ಮಗು ಅದನ್ನು ಉಣ್ಣುತ್ತಿದೆಯೆ ಎಂಬ ಪ್ರಶ್ನೆ ಮಾತ್ರ ಅಂಗಡಿಯ ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

ಮಾಡಬೇಕಾದುದು ಕಷ್ಟಸಾಧ್ಯವಾದುದೇನೂ ಅಲ್ಲ. ಕೊಂಡ ರಾಗಿಯನ್ನು ಅದೇ ಜಿಲ್ಲೆಯ ಪಡಿತರದಲ್ಲಿ, ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಹಂಚುವ ಪದ್ಧತಿ ಕರ್ನಾಟಕದಲ್ಲಿ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಅದರ ಪ್ರಮಾಣ ಹೆಚ್ಚಬೇಕು. ಅವರೆ ಮತ್ತು ಹುರುಳಿಯ ಖರೀದಿಗೆ ರಾಜ್ಯ ಮುಂದಾಗಬೇಕು. ಬೆಳೆಸಾಲದ ದರಪಟ್ಟಿ ಅಕ್ಕಡಿ ಬೆಳೆಗೆ ತಕ್ಕ ಸ್ಥಾನವನ್ನು ಕೊಡಬೇಕು. ಇವೆಲ್ಲಕ್ಕೂ ಮೂಲದಲ್ಲಿ ಲೆಕ್ಕದ ಕ್ರಮವೊಂದು ಬದಲಾಗಬೇಕಾಗಿದೆ. ೨೦೧೮ರಿಂದ ಬೆಂಬಲ ಬೆಲೆಯನ್ನು ರೈತನ ಕೈಯಿಂದ ಬಿದ್ದ ಖರ್ಚು ಮತ್ತು ಮನೆಯವರ ದುಡಿಮೆಯ ಬೆಲೆ ಕೂಡಿದ ಮೊತ್ತದ ಒಂದೂವರೆಯಷ್ಟಾದರೂ ಇರುವಂತೆ ನಿರ್ಧರಿಸಲಾಗುತ್ತಿದೆ. ಮನೆಯವರ ದುಡಿಮೆ ಹೀಗೆ ಲೆಕ್ಕಕ್ಕೆ ಬಂದುದು ನ್ಯಾಯವೇ. ಅದೇ ಮನೆಯವರು ಆ ಬೆಳೆಯಲ್ಲಿ ಎಷ್ಟನ್ನು ಉಂಡರು, ಉಣ್ಣದೆ ಮಾರಿದ್ದಕ್ಕೆ ಬದಲಾಗಿ ಏನನ್ನು ತಂದುಕೊಂಡರು ಎಂಬುದಕ್ಕೆ ಬೆಲೆಯ ಲೆಕ್ಕದಲ್ಲಿ ಸ್ಥಾನವಿಲ್ಲ. ಆ ಎರಡು ಪ್ರಶ್ನೆಗಳನ್ನು ಕೇಳತೊಡಗಿದ ದಿನ, ಕೃಷಿಯ ಸಹಾಯಧನವು ಬೆಳೆಗೆ ಸ್ವಲ್ಪವೂ ಬೆಳೆಗಾರನ ಮಕ್ಕಳಿಗೆ ಹೆಚ್ಚಾಗಿಯೂ ತಲುಪುವ ದಾರಿ ತೆರೆದೀತು.